ಗಾಡಿಯ ಕೀ ಗ್ಯಾರೇಜಿಗೆ ಕೊಡುವ ಮುನ್ನ

ಹೋಟೆಲ್ ನಡೆಸುವವರಿಗೆ ಗ್ರೈಂಡರ್, ಫ್ರಿಜ್ ಎಷ್ಟು ಮುಖ್ಯವೋ ಗಾಡಿಯೂ ಅಷ್ಟೇ ಮುಖ್ಯ. ಬೆಳಗಿನ ಜಾವ ವಾಶಿಯ ಎಪಿಎಂಸಿಗೋ ದಾದರಿನ ತರಕಾರಿ ಮಾರುಕಟ್ಟೆಗೋ ಹೋಗಿ ಬರಬೇಕು. ಪುಣೆಯವರಿಗೆ ಮಾರ್ಕೆಟ್ ಯಾರ್ಡ್, ಚೆನ್ನೈಯವರಿಗೆ ಕೋಯಂಬೇಡು, ದೆಹಲಿಯವರಿಗೆ ಆಜಾದ್‌ಪುರ. ಕೇಟರಿಂಗ್ ಆರ್ಡರ್ ಇದ್ದ ದಿನವಂತೂ ಕೇಳುವುದೇ ಬೇಡ. ಐನೂರು ಜನರ ಊಟ ಹೈವೇ ಬದಿಯಲ್ಲಿ ಆರುತ್ತಾ ನಿಂತರೆ ಮುಹೂರ್ತ ನಮಗಾಗಿ ಕಾಯುವುದಿಲ್ಲ. ಆದರೂ ಗ್ರೈಂಡರ್ ರಿಪೇರಿಗೆ ಬಂದವನ ಬಳಿ ನಿಂತು ಪ್ರತಿಯೊಂದನ್ನೂ ಕೇಳಿ ತಿಳಿದುಕೊಳ್ಳುವ ನಾವು, ಗಾಡಿಯ ಕೀಯನ್ನು ಮಾತ್ರ ಹುಡುಗನ ಕೈಗೆ ಕೊಟ್ಟು "ಗ್ಯಾರೇಜಿನಲ್ಲಿ ತೋರಿಸಿಕೊಂಡು ಬಾ" ಎಂದುಬಿಡುತ್ತೇವೆ. ಸಂಜೆ ಬಿಲ್ಲು ನೋಡಿ ಗಲ್ಲಾದ ಮೇಲೆ ಕುಳಿತು ಬೈಯುವುದು ಆಮೇಲಿನ ಕೆಲಸ. ಸದಸ್ಯ ಬಾಂಧವರಿಗೆ ಉಪಯೋಗವಾಗಲೆಂದು ಈ ಬಗ್ಗೆ ಕೆಲವು ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆ.ಒ.ಟಿ. ಇಲ್ಲದೆ ಅಡುಗೆಮನೆಯಿಂದ ಒಂದು ಪ್ಲೇಟ್ ಇಡ್ಲಿಯೂ ಹೊರಗೆ ಬರಬಾರದು ಎಂಬುದು ನಮ್ಮಲ್ಲಿ ನಿಯಮ. ಗ್ಯಾರೇಜಿನಲ್ಲಿ ಅದೇ ಕೆಲಸ ಮಾಡುವ ಕಾಗದಕ್ಕೆ ಜಾಬ್ ಕಾರ್ಡ್ ಎನ್ನುತ್ತಾರೆ. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ, ಸ್ಟೆಪ್ನಿ ಮತ್ತು ಜಾಕ್ ಇವೆಯೇ, ಬಾಡಿಯ ಮೇಲೆ ಮೊದಲೇ ಇದ್ದ ಗೀರುಗಳು ಯಾವುವು, ನಮ್ಮ ದೂರು ಏನು, ಅಂದಾಜು ಖರ್ಚು ಎಷ್ಟು, ಯಾವಾಗ ಕೊಡುತ್ತಾರೆ ಎಂಬುದೆಲ್ಲ ಅದರಲ್ಲಿ ಇರಬೇಕು. ಖಾಲಿ ಕಾರ್ಡಿಗೆ ಸಹಿ ಹಾಕಿದರೆ ಮುಂದೆ ಏನು ಬರೆದುಕೊಂಡರೂ ನಾವು ಒಪ್ಪಿದಂತೆಯೇ. ರಸ್ತೆ ಬದಿಯ ಸಣ್ಣ ಗ್ಯಾರೇಜಿನಲ್ಲಿ ಇಂಥ ಕಾರ್ಡ್ ಇರುವುದಿಲ್ಲ. ಅಲ್ಲಿ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆಸಿ, ಅದರ ಫೋಟೋವನ್ನು ವಾಟ್ಸಾಪಿನಲ್ಲಿ ಮೆಕ್ಯಾನಿಕ್ಕಿಗೇ ಕಳಿಸಿಟ್ಟರೆ ಸಾಕು.

ದೂರು ಬರೆಸುವುದರಲ್ಲಿಯೂ ಒಂದು ಕ್ರಮವಿದೆ. ಗಾಡಿಗೆ ಏನಾಗಿದೆ ಎಂದು ಹೇಳಿ, ಏನು ಮಾಡಬೇಕೆಂದು ಹೇಳಬೇಡಿ. "ಬ್ರೇಕ್ ಪ್ಯಾಡ್ ಬದಲಿಸಿ" ಎಂದರೆ ಅವನು ಪ್ಯಾಡ್ ಬದಲಿಸಿ ಹಣ ತೆಗೆದುಕೊಳ್ಳುತ್ತಾನೆ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಆದರೆ ಮೂಲ ತೊಂದರೆ ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆಯುವುದು ಆಗಿದ್ದರೆ, ಕಾರಣ ಒಂದು ಬದಿಯ ಕ್ಯಾಲಿಪರ್ ಹಿಡಿದುಕೊಂಡಿರುವುದು ಇರಬಹುದು, ಬರೀ ಟಯರಿನ ಗಾಳಿ ಹೆಚ್ಚುಕಡಿಮೆ ಆಗಿರುವುದೂ ಇರಬಹುದು. ಹೊಸ ಪ್ಯಾಡ್ ಹಾಕಿದ ಮೇಲೂ ಗಾಡಿ ಎಡಕ್ಕೇ ಹೋಗುತ್ತದೆ. ಶಬ್ದ ಬರುತ್ತಿದ್ದರೆ ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ಗೇರಿನಲ್ಲಿ, ಖಾಲಿ ಇದ್ದಾಗಲೋ ಲೋಡ್ ಇದ್ದಾಗಲೋ ಎಂದು ತಿಳಿಸಬೇಕು. ಇದನ್ನು ಹೇಳಬಲ್ಲವನು ದಿನಾ ಗಾಡಿ ಓಡಿಸುವ ಡ್ರೈವರ್. ಆದ್ದರಿಂದ ಮಾತಾಡಲು ಅವನನ್ನು ಕಳಿಸಿ, ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ಮಾತ್ರ ನೀವೇ ಇಟ್ಟುಕೊಳ್ಳಿ. ಅಂದಾಜಿಗಿಂತ ಹೆಚ್ಚಿನ ಕೆಲಸ ಬಂದರೆ ಮೊದಲು ಫೋನ್ ಮಾಡಬೇಕು ಮತ್ತು ಬದಲಿಸಿದ ಹಳೆಯ ಸಾಮಾನನ್ನೆಲ್ಲ ವಾಪಸ್ ಕೊಡಬೇಕು ಎಂಬ ಎರಡು ಮಾತನ್ನು ಕಾರ್ಡಿನಲ್ಲಿ ಬರೆಸಿ. ಹಳೆಯ ಸಾಮಾನು ಕೇಳುತ್ತಾರೆ ಎಂದು ಗೊತ್ತಿದ್ದರೆ ಬದಲಿಸದೇ ಬಿಲ್ ಮಾಡುವುದು ಕಷ್ಟವಾಗುತ್ತದೆ.

ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ಗಿರಾಕಿಗಳು ನಮ್ಮ ಬಗ್ಗೆಯೂ ಹಾಗೆಯೇ ಮಾತಾಡಿಕೊಳ್ಳುವುದುಂಟು! ಹೆಚ್ಚು ಖರ್ಚು ಹೇಳಿದ ಕಡೆಯೆಲ್ಲ ಮೋಸ ಇರುವುದಿಲ್ಲ. ಕ್ಲಚ್ ಪ್ಲೇಟ್ ಸವೆದಿದೆ ಎಂದು ಹೋದರೆ ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಸಹ ಬದಲಿಸೋಣ ಎನ್ನುತ್ತಾನೆ. ಕೇಳಿದರೆ ಸುಲಿಗೆ ಅನಿಸುತ್ತದೆ. ಆದರೆ ಈ ಮೂರೂ ಗೇರ್‌ಬಾಕ್ಸ್ ಇಳಿಸಿದರೆ ಮಾತ್ರ ಕೈಗೆ ಸಿಗುವ ಸಾಮಾನುಗಳು, ಮಜೂರಿಯ ದೊಡ್ಡ ಪಾಲು ಇರುವುದೇ ಅದನ್ನು ಇಳಿಸಿ ಹತ್ತಿಸುವುದರಲ್ಲಿ. ಇವತ್ತು ಪ್ಲೇಟ್ ಮಾತ್ರ ಹಾಕಿಸಿ ಆರು ತಿಂಗಳಿಗೆ ಬೇರಿಂಗ್ ಕೂಗಿದರೆ ಅದೇ ಮಜೂರಿಯನ್ನು ಇನ್ನೊಮ್ಮೆ ಕೊಡಬೇಕು. ಅಂದಹಾಗೆ, ಮುಂಬಯಿಯ ಟ್ರಾಫಿಕ್ಕಿನಲ್ಲಿ ಕ್ಲಚ್ ಬೇಗ ಹೋಗುವುದಕ್ಕೆ ಬಹಳ ಮಟ್ಟಿಗೆ ಕಾರಣ ಡ್ರೈವರ್ ಇಡೀ ದಿನ ಪೆಡಲ್ ಮೇಲೆ ಕಾಲಿಟ್ಟೇ ಓಡಿಸುವುದು.

ಅನುಮಾನ ಪಡಬೇಕಾದದ್ದು ಬೇರೆ ಕಡೆ. ಸರ್ವಿಸಿಗೆ ಕೊಟ್ಟ ಕೂಡಲೆ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಡಿಕಾರ್ಬನೈಸಿಂಗ್, ಎಸಿಗೆ ಸುಗಂಧದ ಸ್ಪ್ರೇ ಎಂದು ಒಂದೊಂದೇ ಸಾಲು ಬಿಲ್ಲಿಗೆ ಸೇರುತ್ತದೆ. ಇವುಗಳಲ್ಲಿ ಕೆಲವು ಗಾಡಿಯ ಸ್ಥಿತಿ ನೋಡಿ ಬೇಕಾಗಬಹುದು, ಪ್ರತಿ ಸಲ ಬೇಕಾಗುವುದಿಲ್ಲ. ಕಂಪೆನಿ ಕೊಟ್ಟ ಮಾಲೀಕರ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಬೇಕೆಂಬ ಪಟ್ಟಿ ಇರುತ್ತದೆ. ಅದನ್ನು ಮುಂದಿಟ್ಟು "ಇದರಲ್ಲಿ ಇದು ಎಲ್ಲಿದೆ?" ಎಂದು ಕೇಳಿದರೆ ಅರ್ಧ ಸಾಲು ತಾನಾಗಿ ಹೋಗುತ್ತದೆ.

ಸಾಮಾನಿನಲ್ಲಿ ಮೂರು ಬಗೆ. ಕಾರು ಕಂಪೆನಿಯ ಡಬ್ಬಿಯಲ್ಲಿ ಬರುವುದು ಒಂದು. ಆ ಕಂಪೆನಿಗೆ ಸಾಮಾನು ಮಾಡಿಕೊಡುವ ತಯಾರಕ ತನ್ನದೇ ಹೆಸರಿನ ಡಬ್ಬಿಯಲ್ಲಿ ಮಾರುವುದು ಎರಡನೆಯದು, ಗುಣದಲ್ಲಿ ಮೊದಲಿನದಕ್ಕೆ ಹತ್ತಿರ, ಬೆಲೆಯಲ್ಲಿ ಹಲವು ಸಲ ಕಡಿಮೆ. ಮೂರನೆಯದು ನಕಲಿ. ಬಿಡಿಭಾಗಗಳು ಹೊರಗಿನ ಮಾರುಕಟ್ಟೆಯಲ್ಲಿ ಮುಕ್ತವಾಗಿ ಸಿಗದಂತೆ ಮಾಡಿದ್ದಾರೆಂದು ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು, ಪ್ರಕರಣ ಮುಂದೆ ಮೇಲ್ಮನವಿಗೆ ಹೋಯಿತು. ದೆಹಲಿಯ ಕಾಶ್ಮೀರಿ ಗೇಟ್, ಮುಂಬಯಿಯ ಕುರ್ಲಾ, ಚೆನ್ನೈನ ಪುದುಪೇಟೆಗಳಲ್ಲಿ ಹುಡುಕಿದರೆ ಕಡಿಮೆಗೆ ಸಿಗುತ್ತದೆ ನಿಜ. ಬಾಗಿಲು, ಕನ್ನಡಿ, ಸೀಟು ಹಳೆಯದಾದರೂ ನಡೆದೀತು. ಬ್ರೇಕ್ ಮತ್ತು ಸ್ಟಿಯರಿಂಗಿನ ಸಾಮಾನನ್ನು ಮಾತ್ರ ಹಳೆಯದು ತಂದು ಹಾಕಿಸಬೇಡಿ. ಎರಡು ಗ್ಯಾರೇಜುಗಳ ದರ ಹೋಲಿಸುವಾಗ ಜಿಎಸ್‌ಟಿ ಸೇರಿಸಿಯೇ ಹೋಲಿಸಿ. ಶೇ. 5ರ ಪದ್ಧತಿಯಲ್ಲಿರುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದ ಕಾರಣ ಆ ತೆರಿಗೆಯೆಲ್ಲ ನಮ್ಮದೇ ಖರ್ಚು.

ಹೋಟೆಲಿನ ಗಾಡಿಗೆ ಅದರದೇ ಆದ ಕಾಯಿಲೆಗಳಿವೆ. ಮಾರ್ಕೆಟ್ಟಿಗೆ ಹೋಗಿ ಬರುವ ಗಾಡಿ ವರ್ಷಕ್ಕೆ ಹೆಚ್ಚು ಕಿಲೋಮೀಟರ್ ಓಡಿರುವುದಿಲ್ಲ. ಹಾಗೆಂದು ಆಯಿಲ್ ಬದಲಿಸುವುದನ್ನು ಮುಂದೂಡುತ್ತೇವೆ. ಪುಸ್ತಕದಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡೂ ಬರೆದಿರುತ್ತಾರೆ, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಓಮ್ನಿ ಮತ್ತು ಈಕೋ ಗಾಡಿಗಳ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಸೀಟು ಎತ್ತುವ ಉದಾಸೀನಕ್ಕೆ ಆಯಿಲಿನ ಮಟ್ಟವನ್ನು ತಿಂಗಳುಗಟ್ಟಲೆ ಯಾರೂ ನೋಡುವುದಿಲ್ಲ. ಇನ್ನೊಂದು ಕಾಯಿಲೆ ಸಾಂಬಾರು. ಪಾತ್ರೆಯಿಂದ ಚೆಲ್ಲಿದ ಸಾಂಬಾರು, ಉಪ್ಪಿನಕಾಯಿ ರಸ, ತರಕಾರಿ ಗೋಣಿಯ ನೀರು ರಬ್ಬರ್ ಮ್ಯಾಟಿನ ಕೆಳಗೆ ಇಳಿದು ಕೂರುತ್ತದೆ. ಉಪ್ಪು ಹುಳಿ ಸೇರಿದ ಆ ನೀರಿಗೆ ತಳದ ತಗಡು ತುಕ್ಕು ಹಿಡಿದು ತೂತಾಗುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣದು. ವಾರಕ್ಕೊಮ್ಮೆ ಮ್ಯಾಟ್ ಎತ್ತಿ ತೊಳೆದು ಒಣಗಿಸಿದರೆ ಸಾವಿರಾರು ರೂಪಾಯಿಯ ತಗಡು ಕೆಲಸ ಉಳಿಯುತ್ತದೆ.

ಮಳೆಗಾಲದ ವಿಷಯ ಮುಂಬಯಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, 2015ರ ಡಿಸೆಂಬರಿನ ಚೆನ್ನೈ ಪ್ರವಾಹದಲ್ಲಿ ಎಷ್ಟು ಗಾಡಿಗಳು ಮುಳುಗಿದವು ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಹಿಂದ್‌ಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ನೀರಿನ ನಡುವೆ ಎಂಜಿನ್ ನಿಂತುಹೋದರೆ ಯಾವ ಕಾರಣಕ್ಕೂ ಮತ್ತೆ ಕೀ ತಿರುಗಿಸಬಾರದು. ಸಿಲಿಂಡರಿನೊಳಗೆ ಪಿಸ್ಟನ್ ಒತ್ತಬೇಕಾದದ್ದು ಗಾಳಿಯನ್ನು. ಅಲ್ಲಿ ನೀರು ತುಂಬಿದ್ದರೆ ಅದು ಒತ್ತಿದಷ್ಟಕ್ಕೆ ಕುಗ್ಗುವುದಿಲ್ಲ, ಆಗ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ತೆಗೆದು, ಆಯಿಲ್ ಬದಲಿಸಿ ಮುಗಿಯಬೇಕಿದ್ದ ಕೆಲಸ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ಆಗ ವಿಮಾ ಕಂಪೆನಿ, ಪ್ರವಾಹದ ಹಾನಿಯೇ ಬೇರೆ, ಆಮೇಲೆ ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯೇ ಬೇರೆ ಎಂದು ವಾದಿಸುತ್ತದೆ. ಎಂಜಿನ್ ರಕ್ಷಣೆಗೆ ಹೆಚ್ಚುವರಿ ಕವರ್ ಸಿಗುತ್ತದೆ. ನೀರು ನಿಲ್ಲುವ ಜಾಗದಲ್ಲಿರುವವರು ಅದನ್ನು ತೆಗೆದುಕೊಳ್ಳುವುದು ಲೇಸು, ಆದರೆ ಅದರ ಷರತ್ತುಗಳನ್ನೂ ಓದಿಕೊಳ್ಳಿ. ಗಾಡಿ ನೀರಿನಲ್ಲಿರುವಾಗಲೇ ಫೋಟೋ ತೆಗೆದು, ಕಂಪೆನಿಗೆ ತಿಳಿಸಿ, ಎಳೆಯಿಸಿಕೊಂಡು ಹೋಗಿ.

ವಿಮೆ ಎಂದಾಗ ಇನ್ನೆರಡು ಮಾತು. 2018ರ ಸೆಪ್ಟೆಂಬರ್ 1ರಿಂದ ಹೊಸ ಖಾಸಗಿ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಇದನ್ನು ನೋಡಿ ಮೂರು ವರ್ಷ ಚಿಂತೆಯಿಲ್ಲ ಎಂದುಕೊಳ್ಳುವವರಿದ್ದಾರೆ. ನಮ್ಮ ಗಾಡಿಗೆ ಆಗುವ ಹಾನಿಯ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು, ಅದನ್ನು ಪ್ರತಿ ವರ್ಷ ಮಾಡಿಸಬೇಕು. 90 ದಿನ ಮೀರಿದರೆ ಕ್ಲೇಮ್ ಇಲ್ಲದ ವರ್ಷಗಳ ರಿಯಾಯಿತಿಯೂ ಹೋಗುತ್ತದೆ.

ಎರಡನೆಯದು, ಸಣ್ಣ ಹಾನಿಗೆಲ್ಲ ಕ್ಲೇಮ್ ಮಾಡುವುದು. ಲೆಕ್ಕ ಹಾಕಿ ನೋಡಿ. 1500 ಸಿಸಿ ಒಳಗಿನ ಕಾರಿನ ಪ್ಲಾಸ್ಟಿಕ್ ಬಂಪರಿಗೆ 8,000 ರೂಪಾಯಿ ಬಿಲ್ ಆಯಿತೆನ್ನಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಅರ್ಧ ಬೆಲೆ ಸವಕಳಿ ಎಂದು ಕಳೆಯುತ್ತಾರೆ, ಉಳಿದ 4,000ದಲ್ಲಿ ಕಡ್ಡಾಯ ಕಡಿತ 1,000. ಕೈಗೆ ಬರುವುದು 3,000. ನಿಮಗೆ ಶೇ. 50ರ ರಿಯಾಯಿತಿ ಇದ್ದು, ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮೊದಲು 10,000 ಇದ್ದರೆ, ಮುಂದಿನ ವರ್ಷ 5,000ದ ಬದಲು 10,000 ಕಟ್ಟಬೇಕು. ಮೂರು ಸಾವಿರಕ್ಕಾಗಿ ಐದು ಸಾವಿರ ಕಳೆದುಕೊಂಡಂತೆ, ಅದೂ ಒಂದೇ ವರ್ಷದ ಲೆಕ್ಕದಲ್ಲಿ. ಗ್ಯಾರೇಜಿನವನು "ಇನ್ಶೂರೆನ್ಸ್‌ನಲ್ಲಿ ಹಾಕೋಣ ಶೇಟ್" ಎಂದಾಗ ಈ ಲೆಕ್ಕ ನೆನಪಿರಲಿ.

ಇನ್ನು ನಮ್ಮವರಲ್ಲಿ ಬಹಳ ಮಂದಿ ಗಮನಿಸದ ವಿಷಯ. ಬಿಳಿ ನಂಬರ್ ಪ್ಲೇಟಿನ ಮನೆ ಕಾರಿನಲ್ಲಿಯೇ ತರಕಾರಿ ಗೋಣಿ, ಅಕ್ಕಿ ಮೂಟೆ, ಕೇಟರಿಂಗ್ ಪಾತ್ರೆ ಸಾಗಿಸುವುದು ನಮ್ಮಲ್ಲಿ ವಾಡಿಕೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಗಾಡಿಯ ಬಳಕೆಗೆ ಇರುವ ಮಿತಿಗಳನ್ನು ಬರೆದಿರುತ್ತಾರೆ. ಬಾಡಿಗೆಗೆ ಓಡಿಸುವುದು, ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದು ಅದರಲ್ಲಿ ಸೇರುವುದಿಲ್ಲ. ನಮ್ಮದೇ ಹೋಟೆಲಿನ ಸಾಮಾನು ಎಂಬ ಕಾರಣಕ್ಕೆ ಅದು ಲಗೇಜು ಆಗುವುದಿಲ್ಲ. ಅಪಘಾತವಾದ ಗಾಡಿಯ ಹಿಂದೆ ಹತ್ತು ಗೋಣಿ ಈರುಳ್ಳಿ ಕಂಡರೆ ಸರ್ವೇಯರ್ ಅದನ್ನು ವರದಿಯಲ್ಲಿ ಬರೆಯುತ್ತಾನೆ, ಕ್ಲೇಮ್ ನಿಲ್ಲುತ್ತದೆ. ಯಾರಿಗಾದರೂ ಪೆಟ್ಟಾಗಿದ್ದರೆ ಸಂಗತಿ ಇನ್ನೂ ಗಂಭೀರ. ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಗಾಯಗೊಂಡವರಿಗೆ ಮೊದಲು ವಿಮಾ ಕಂಪೆನಿ ಹಣ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವುದುಂಟು. ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ, ಹೋಟೆಲಿನ ಮೇಲೆಯೇ ಬಂದು ಬೀಳುತ್ತದೆ. ದಿನಾ ಸರಕು ಸಾಗಿಸುವವರು ಹಳದಿ ಪ್ಲೇಟಿನ ಸರಕು ವಾಹನ, ಅಂದರೆ ಕಾರ್ಗೋ ವ್ಯಾನ್ ಅಥವಾ 2005ರಲ್ಲಿ ಬಂದ ಟಾಟಾ ಏಸ್‌ನಂಥ ಗಾಡಿ ಇಟ್ಟುಕೊಳ್ಳುವುದೇ ಸರಿ. ಪ್ರೀಮಿಯಂ, ಫಿಟ್‌ನೆಸ್ ಎಂದು ಓಡಾಟ ಸ್ವಲ್ಪ ಹೆಚ್ಚು, ಆದರೂ ರಾತ್ರಿ ನಿದ್ದೆ ಬರುತ್ತದೆ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದವರು ಅದನ್ನು ಆರ್‌ಸಿಯಲ್ಲಿಯೂ ಪಾಲಿಸಿಯಲ್ಲಿಯೂ ಬರೆಸಬೇಕು, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಸರಕು ಗಾಡಿಗೆ ಬೇರೆ ಲೈಸೆನ್ಸ್ ಬೇಕೇ ಎಂದು ಹಲವರು ಕೇಳುತ್ತಾರೆ. ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನವನ್ನು ಸಾಮಾನ್ಯ ಲಘು ವಾಹನದ ಲೈಸೆನ್ಸ್ ಇರುವವರು ಓಡಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ನವೆಂಬರ್ 6ರಂದು ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿದಿದೆ. ಆದರೆ ಡ್ರೈವರ್ ಊರಿಗೆ ಹೋಗಿರುವಾಗ ಟೇಬಲ್ ಒರೆಸುವ ಹುಡುಗನಿಗೆ "ಇಲ್ಲೇ ಹೋಗಿ ಬಾ" ಎಂದು ಕೀ ಕೊಡುವುದಕ್ಕೆ ಈ ತೀರ್ಪು ಉಪಯೋಗಕ್ಕೆ ಬಾರದು. ಗಾಡಿ ಮುಟ್ಟುವ ಪ್ರತಿಯೊಬ್ಬನ ಲೈಸೆನ್ಸಿನ ಪ್ರತಿ ಹೋಟೆಲಿನ ಫೈಲಿನಲ್ಲಿ ಇರಲಿ. ಅದು ಅಸಲಿಯೇ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಸರಕಾರದ ಪರಿವಾಹನ್ ಜಾಲತಾಣದಲ್ಲಿ ಎರಡು ನಿಮಿಷದಲ್ಲಿ ನೋಡಬಹುದು.