ಹತ್ತೇ ವಾಕ್ಯದ ಭಾಷಣ

1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಸೈನಿಕರ ಸ್ಮಶಾನವೊಂದರ ಸಮರ್ಪಣೆ ನಡೆಯಿತು. ಅದೇ ವರ್ಷ ಜುಲೈ ತಿಂಗಳ ಮೊದಲ ಮೂರು ದಿನ ಅಲ್ಲಿ ಅಂತರ್ಯುದ್ಧದ ಘೋರ ಕಾಳಗವಾಗಿತ್ತು. ಅಂದಿನ ಮುಖ್ಯ ಭಾಷಣ ಹೆಸರಾಂತ ವಾಗ್ಮಿ ಎಡ್ವರ್ಡ್ ಎವರೆಟ್ ಅವರದು. ತಯಾರಿಗೆ ಕಾಲಾವಕಾಶ ಬೇಕೆಂದು ಅವರು ಕೇಳಿದ್ದರಿಂದಲೇ ಅಕ್ಟೋಬರ್‌ನಲ್ಲಿ ಆಗಬೇಕಿದ್ದ ಸಮಾರಂಭ ಮುಂದಕ್ಕೆ ಹೋಗಿತ್ತು. ಅವರು ಸುಮಾರು ಎರಡು ಗಂಟೆ ಮಾತಾಡಿದರು. ಬಳಿಕ ಎದ್ದುನಿಂತ ಅಧ್ಯಕ್ಷ ಅಬ್ರಹಾಂ ಲಿಂಕನ್ ಎರಡು ಮೂರು ನಿಮಿಷದಲ್ಲಿ ಮಾತು ಮುಗಿಸಿದರು: ಹತ್ತು ವಾಕ್ಯ, ಸುಮಾರು 270 ಪದ.

ಚಿಕ್ಕ ಭಾಷಣಗಳು ಎಷ್ಟೋ ಬಂದು ಹೋಗಿವೆ. ಇದು ಉಳಿದದ್ದು ಕಟ್ಟಿದ ಬಗೆಯಿಂದ.

ಮೊದಲು ಅದರ ನಡೆಯನ್ನು ನೋಡಿ. ಲಿಂಕನ್ 87 ವರ್ಷ ಹಿಂದಕ್ಕೆ, 1776ರ ಸ್ವಾತಂತ್ರ್ಯ ಘೋಷಣೆಗೆ ಹೋಗಿ ಮಾತು ಶುರುಮಾಡುತ್ತಾರೆ. ಅಲ್ಲಿ ಕಾಣುವುದು ಇಡೀ ಖಂಡ. ಮುಂದೆ ಒಂದು ದೇಶ, ಆಮೇಲೆ ಒಂದು ರಣರಂಗ, ಕೊನೆಗೆ ಆ ರಣರಂಗದ ಒಂದು ತುಂಡು ನೆಲ. ಹೀಗೆ ಕಿರಿದಾಗುತ್ತಾ ಬಂದ ನೋಟ ಕೊನೆಯ ವಾಕ್ಯದಲ್ಲಿ ಹಿಗ್ಗಿ ಇಡೀ ಭೂಮಿಯನ್ನು ಒಳಗೊಳ್ಳುತ್ತದೆ. ನಿನ್ನೆ, ಇಂದು, ನಾಳೆ ಎಂಬ ಕ್ರಮವೂ ಅದರ ಜೊತೆಗೇ ಸಾಗುವುದರಿಂದ, ಕೇಳುವವನಿಗೆ ತಾನೆಲ್ಲಿದ್ದೇನೆ ಎಂಬ ಗೊಂದಲವೇ ಹುಟ್ಟುವುದಿಲ್ಲ.

ಇನ್ನು ಹೊರಳು. ಐದು ವಾಕ್ಯದವರೆಗೆ ಸಭೆ ನಿರೀಕ್ಷಿಸಿದ ಮಾತೇ ಬರುತ್ತದೆ: ಮಡಿದವರಿಗೆ ಈ ನೆಲವನ್ನು ಅರ್ಪಿಸಲು ಸೇರಿದ್ದೇವೆ, ಅದು ತಕ್ಕದ್ದೇ. ಆರನೆಯ ವಾಕ್ಯದಲ್ಲಿ ಲಿಂಕನ್ ಅದನ್ನೇ ಅಲ್ಲಗಳೆಯುತ್ತಾರೆ. ಇದನ್ನು ಪವಿತ್ರಗೊಳಿಸುವುದು ನಮ್ಮಿಂದಾಗದು, ಇಲ್ಲಿ ಹೋರಾಡಿದವರು ಆ ಕೆಲಸವನ್ನು ಆಗಲೇ ಮಾಡಿಹೋಗಿದ್ದಾರೆ ಎನ್ನುತ್ತಾರೆ. ಅರ್ಪಿಸಿಕೊಳ್ಳಬೇಕಾದವರು ಬದುಕಿರುವ ನಾವು, ಅವರು ಅರ್ಧಕ್ಕೆ ಬಿಟ್ಟ ಕೆಲಸಕ್ಕೆ. ಗೌರವ ಸಲ್ಲಿಸಲು ಬಂದವರ ಹೆಗಲಿಗೆ ಹೊಣೆ ಬಿತ್ತು. ಭಾಷಣದ ಜೀವ ಇರುವುದು ಈ ಹೊರಳಿನಲ್ಲೇ.

ಕಿವಿಗೆ ಬರೆಯುವ ಕುಶಲತೆಯನ್ನೂ ಇಲ್ಲಿ ಕಲಿಯಬಹುದು. ಓದುಗ ಪುಟ ತಿರುವಿ ಹಿಂದಕ್ಕೆ ಹೋಗಬಲ್ಲ, ಕೇಳುಗನಿಗೆ ಆ ಅನುಕೂಲವಿಲ್ಲ. ಅದಕ್ಕೇ ಲಿಂಕನ್ ‘ಅರ್ಪಿಸು’ ಎಂಬರ್ಥದ ಕ್ರಿಯಾಪದವನ್ನು ಆರು ಸಲ ಬಳಸಿದ್ದಾರೆ. ಬರಹದಲ್ಲಿ ಕೊರತೆ ಎನಿಸುವ ಪುನರುಕ್ತಿ ಸಭೆಯಲ್ಲಿ ದಾರಿ ತೋರುತ್ತದೆ. ನಡುವಿನ ಕೆಲವು ವಾಕ್ಯಗಳು ತೀರಾ ಮೊಟಕು. ಕೊನೆಯದು ಎಂಬತ್ತು ಪದಗಳಷ್ಟು ಉದ್ದ. ಆದರೂ ಕೇಳುಗ ದಣಿಯುವುದಿಲ್ಲ, ಏಕೆಂದರೆ ಅದರ ಖಂಡಗಳೆಲ್ಲ ಒಂದೇ ಅಚ್ಚಿನವು, ಒಂದೊಂದೂ ಒಂದೊಂದು ಉಸಿರಿನಷ್ಟು.

ಬಿಟ್ಟದ್ದು ಇನ್ನೂ ದೊಡ್ಡದು. ಭಾಷಣದಲ್ಲಿ ‘ನಾನು’ ಇಲ್ಲ. ಎದುರಾಳಿಯ ಹೆಸರಿಲ್ಲ, ದಂಡನಾಯಕರ ಹೆಸರಿಲ್ಲ, ಗೆಟ್ಟಿಸ್‌ಬರ್ಗ್ ಎಂಬ ಊರಿನ ಹೆಸರೂ ಇಲ್ಲ. ಆ ದಿನಕ್ಕಷ್ಟೇ ಅಂಟಿಕೊಂಡಿದ್ದೆಲ್ಲ ಕಳಚಿದ್ದರಿಂದ, ಉಳಿದದ್ದು ಬೇರೆ ಕಾಲ, ಬೇರೆ ದೇಶದವರಿಗೂ ದಕ್ಕಿತು.

ಲಿಂಕನ್ ಈ ಭಾಷಣವನ್ನು ರೈಲಿನಲ್ಲಿ ಬರುತ್ತಾ ಲಕೋಟೆಯ ಹಿಂದೆ ಗೀಚಿದರು ಎಂಬ ಕಥೆ ಜನಪ್ರಿಯ. ಆದರೆ ಉಳಿದಿರುವ ಐದು ಹಸ್ತಪ್ರತಿಗಳಲ್ಲಿ ಒಂದರ ಮೊದಲ ಹಾಳೆ ಅಧ್ಯಕ್ಷರ ನಿವಾಸದ ಮುದ್ರಿತ ಕಾಗದ, ಅದರ ಮೇಲೆ ಶಾಯಿಯ ಬರಹ. ಎರಡನೆಯ ಹಾಳೆ ಬೇರೆಯದು, ಅಲ್ಲಿ ಪೆನ್ಸಿಲ್ ಬರಹ. ಪ್ರತಿಗಳ ನಡುವೆ ಪದಗಳು ಬದಲಾಗಿವೆ. ಅಂದರೆ ಕೂತು ಬರೆದು, ತಿದ್ದಿ, ಹೇಳಿದ ಮೇಲೂ ತಿದ್ದಿದ ಮಾತು ಇದು.

ಸಮಾರಂಭದ ಮರುದಿನ ಎವರೆಟ್ ಲಿಂಕನ್‌ಗೆ ಪತ್ರ ಬರೆದು, ನೀವು ಎರಡು ನಿಮಿಷದಲ್ಲಿ ತಲುಪಿದ ತಿರುಳಿನ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೂ ಸಂತೋಷಪಡುತ್ತಿದ್ದೆ ಎಂಬರ್ಥದ ಮಾತು ಹೇಳಿದರು.

ರಾಜ್ಯೋತ್ಸವಕ್ಕೋ ಬೀಳ್ಕೊಡುಗೆಗೋ ಭಾಷಣ ಬರೆಯುವವರು, ಸಭೆಯಿಂದ ಎದ್ದುಹೋಗುವವರ ಮೇಲೆ ಯಾವ ಹೊಣೆ ಹೊರಿಸಬೇಕು ಎಂಬುದನ್ನು ಮೊದಲು ಒಂದು ಸಾಲಿನಲ್ಲಿ ಬರೆದುಕೊಳ್ಳಲಿ. ಆ ಸಾಲಿಗೆ ದುಡಿಯದ ವಾಕ್ಯ ಎಷ್ಟೇ ಚೆಂದವಿರಲಿ, ಹೊಡೆದುಹಾಕಬೇಕು. ಮಿಕ್ಕಿದ್ದನ್ನು ಗಟ್ಟಿಯಾಗಿ ಓದಿ, ಉಸಿರು ಕಟ್ಟಿದ ಕಡೆಯಲ್ಲೆಲ್ಲ ವಾಕ್ಯ ಮುರಿಯಬೇಕು.