ಕಪ್ಪುಕುಳಿಯ ಗಂಟಾನಾದ

ಯಡಿಯೂರು ಕೆರೆಗೆ ಕಲ್ಲೆಸೆದರೆ ಅಲೆಗಳು ಸುತ್ತಲೂ ಹರಡುತ್ತವೆ. ಅಂತೆಯೇ ಮಹಾಕಾಯಗಳು ಒಂದನ್ನೊಂದು ವೇಗವಾಗಿ ಸುತ್ತಿದರೆ ದೇಶಕಾಲಗಳಲ್ಲೇ ಅಲೆಯೇಳುವುದೆಂದು ಐನ್‌ಸ್ಟೈನ್ 1916ರಲ್ಲಿ ಸಾರಿದರು. ಇವೇ ಗುರುತ್ವದ ಅಲೆಗಳು.

ಬೆಳಕನ್ನೂ ಹೊರಬಿಡದ ಕಪ್ಪುಕುಳಿಯನ್ನು ಗುರುತಿಸುವುದೆಂತು? ಈ ಪ್ರಶ್ನೆಯ ಬೆನ್ನುಹತ್ತಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಅಮೆರಿಕದಲ್ಲಿದ್ದಾಗ ಅವರು ಗುರುತ್ವದ ಅಲೆಯೊಂದನ್ನು ಗಣಿತದಲ್ಲೇ ಕಪ್ಪುಕುಳಿಯ ಮೇಲೆ ಹಾಯಿಸಿ ನೋಡಿದರು. ಬಾರಿಸಿದ ಗಂಟೆಯಂತೆ ಕುಳಿ ಮಿಡಿಯಿತು. ನಾದ ಬಹುಬೇಗ ಅಡಗಿತು. ಆ ನಾದದ ಶ್ರುತಿಯಲ್ಲಿ ಕುಳಿಯ ದ್ರವ್ಯರಾಶಿಯ ಸುಳಿವಿತ್ತು. 1970ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಆದರೆ ಅದನ್ನು ಆಲಿಸುವ ಕಿವಿ ಜಗತ್ತಿಗಿನ್ನೂ ಇರಲಿಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ‘ಲೈಗೋ’ ಉಪಕರಣಗಳಿಗೆ ಕಂಪನವೊಂದು ಸಿಕ್ಕಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುಕುಳಿಗಳು ಕೂಡಿ ಒಂದಾಗಿದ್ದವು. ಸುಮಾರು ಮೂರು ಸೂರ್ಯರಷ್ಟು ದ್ರವ್ಯ ಕ್ಷಣಾರ್ಧದಲ್ಲಿ ಅಲೆಗಳ ಶಕ್ತಿಯಾಗಿ ಹರಿದಿತ್ತು. ಕಂಪನದ ತುದಿಯಲ್ಲಿದ್ದುದು ಕ್ಷೀಣಿಸುವ ಅದೇ ಗಂಟಾನಾದ!

2016ರ ಫೆಬ್ರವರಿಯಲ್ಲಿ ಈ ವಾರ್ತೆ ಹೊರಬಿದ್ದಾಗ ವಿಶ್ವೇಶ್ವರರು ನಮ್ಮೊಡನಿದ್ದರು. ಮರುವರ್ಷದ ಜನವರಿಯಲ್ಲಿ ಅಗಲಿದರು. ಲೇಖನಿಯ ತುದಿಯಲ್ಲಿ ಕೇಳಿದ ನಾದವನ್ನು ವಿಶ್ವವೇ ಅನುಮೋದಿಸಿದುದನ್ನು ಬದುಕಿರುವಾಗಲೇ ಅರಿಯುವ ಭಾಗ್ಯ ಎಷ್ಟು ಜನರಿಗುಂಟು? ಅವರು ಸ್ಥಾಪಕ ನಿರ್ದೇಶಕರಾಗಿದ್ದ ಬೆಂಗಳೂರಿನ ನೆಹರೂ ತಾರಾಲಯವು ಮಕ್ಕಳ ಕಣ್ಣನ್ನು ಇಂದಿಗೂ ಆಗಸದತ್ತ ತಿರುಗಿಸುತ್ತಿದೆ.