ಈ ಕನ್ನಡಕ ಹಾಕಿದರೆ ಅಂಧರಿಗೆ ಕಣ್ಣು ಕಾಣುತ್ತದೆಯೇ?

‘ಈ ಸ್ಮಾರ್ಟ್ ಕನ್ನಡಕ ಹಾಕಿಕೊಂಡರೆ ಅಂಧರಿಗೂ ಕಣ್ಣು ಕಾಣುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಕಾಣುವುದಿಲ್ಲ, ಕೇಳಿಸುತ್ತದೆ. ಕನ್ನಡಕದಲ್ಲಿರುವ ಪುಟ್ಟ ಕ್ಯಾಮೆರಾ ಫೋಟೊ ತೆಗೆಯುತ್ತದೆ, ಒಸಿಆರ್ ಎಂಬ ತಂತ್ರಾಂಶ ಅದರಲ್ಲಿನ ಅಕ್ಷರಗಳನ್ನು ಗುರುತಿಸುತ್ತದೆ, ಯಂತ್ರದ ದನಿ ಓದಿ ಹೇಳುತ್ತದೆ.

ಇದು ಹೊಸ ಪವಾಡವೇನಲ್ಲ. 1976ರಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ತಂದ ಓದುವ ಯಂತ್ರ ಇಡೀ ಮೇಜನ್ನು ತುಂಬುತ್ತಿತ್ತು. ಈಗ ಅದೇ ಕೆಲಸವನ್ನು ಮೊಬೈಲ್ ಆ್ಯಪ್‌ಗಳೂ ಮಾಡುತ್ತವೆ.

ಕನ್ನಡ ಓದುವುದು ಯಂತ್ರಕ್ಕೆ ಸುಲಭವಲ್ಲ. ಒತ್ತಕ್ಷರ ಕೆಳಗೆ ಕೂರುತ್ತದೆ. ‘ಪ’ಕ್ಕೂ ‘ಷ’ಕ್ಕೂ ಒಂದೇ ಗೆರೆಯ ವ್ಯತ್ಯಾಸ. ಹಾಗಾಗಿ ಕೊಳ್ಳುವ ಮುನ್ನ ಕನ್ನಡ ಪತ್ರಿಕೆಯನ್ನೇ ಓದಿಸಿ ನೋಡಿ. ಇಂಟರ್ನೆಟ್ ಇಲ್ಲದೆಯೂ ಓದಬೇಕು, ತಡವಿದರೆ ಸಿಗುವ ಗುಂಡಿಗಳಿರಬೇಕು, ಹಾಳೆಯ ಅಂಚು ಫೋಟೊದಿಂದ ಹೊರಗುಳಿದರೆ ಹೇಳಬೇಕು. ಇಯರ್‌ಫೋನ್ ಬೇಕೇ ಬೇಕು. ಬ್ಯಾಂಕಿನ ಪತ್ರ ಪಕ್ಕದವರಿಗೇಕೆ ಕೇಳಿಸಬೇಕು?

ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಅಕ್ಷರ ಸ್ಪಷ್ಟವಿಲ್ಲದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಒಪ್ಪಿಕೊಳ್ಳುವ ಗುಣ. ಹೊಳೆಯುವ ಮಾತ್ರೆ ಶೀಟಿನ ಮೇಲಿನ 2.5 ಮಿ.ಗ್ರಾಂ.ನಲ್ಲಿ ಚುಕ್ಕಿ ಕಾಣದೆ ಹೋದರೆ ಯಂತ್ರ 25 ಎಂದು ಓದಬಹುದು, ಅದೂ ಅನುಮಾನವೇ ಇಲ್ಲದ ದನಿಯಲ್ಲಿ. ಯಾವ ಸಾಧನವಿದ್ದರೂ ಮಾತ್ರೆಯ ಪ್ರಮಾಣವನ್ನು ಔಷಧಿ ಅಂಗಡಿಯವರ ಬಳಿ ಇನ್ನೊಮ್ಮೆ ಕೇಳಿಕೊಳ್ಳಿ.